ಬಂಡೆಯ ಮೇಲೆ ಯಾರದೋ ಕೈ

ವಿಮೆ ಕಂಪನಿಯಲ್ಲಿ ನನ್ನ ಕೆಲಸವೇ ಅನುಮಾನಪಡುವುದು. ಗ್ಯಾರೇಜಿನ ಜಿಡ್ಡು ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು, ನಜ್ಜುಗುಜ್ಜಾದ ಬಂಪರನ್ನು ಬೆರಳಿನಿಂದ ಸವರಿ, ಮಾಲೀಕ ಎಷ್ಟು ಸುಳ್ಳು ಹೇಳುತ್ತಿದ್ದಾನೆಂದು ಹೇಳಬಲ್ಲೆ. ಹಾಗಾಗಿ ಶನಿವಾರ ಬೆಳಿಗ್ಗೆ ಆ ಬಂಡೆಯ ಮುಂದೆ ನಿಂತಾಗ ನನ್ನ ಮೂಗು ಚುರುಕಾಯಿತು.

ಎರಡಾಳೆತ್ತರದ ಬಂಡೆ. ಹಗ್ಗವಿಲ್ಲದೆ ಹತ್ತಬೇಕು, ಬಿದ್ದರೆ ಕೆಳಗೊಂದು ದಪ್ಪ ಮ್ಯಾಟು, ಕೆಳಗೆ ನಿಂತು ಬೆನ್ನಿಗೆ ಕೈ ಆನಿಸಲು ಒಬ್ಬ ಗೆಳೆಯ. ಮುಂಬದಿಯಿಂದ ಅದನ್ನು ಯಾರೂ ಹತ್ತಿರಲಿಲ್ಲ. ಮೊದಲಿಗ ನಾನೇ ಆಗಬೇಕೆಂದು ಮೂರು ಬೇಸಿಗೆಯಿಂದ ಹಟ ಹಿಡಿದಿದ್ದೆ.

ಈಗ ಅದರ ಮೇಲೆ ಬಿಳಿ ಪುಡಿ ಮೆತ್ತಿತ್ತು. ಬೆವರು ಹೀರಲೆಂದು ಕೈಗೆ ಹಚ್ಚಿಕೊಳ್ಳುವ ಪುಡಿ, ಹೊಚ್ಚ ಹೊಸದು. ಅದೂ ನಾನು ಸದಾ ನೆಗೆದು ಹಿಡಿಯುವ ಅಂಚಿಗಿಂತ ಒಂದು ಮೊಳ ಕೆಳಗೆ, ಎಡಗಡೆಯ ಸೀಳಿನಲ್ಲಿ. ಅಲ್ಲಿ ನಾನು ಕೈಯಿಟ್ಟವನೇ ಅಲ್ಲ. ಯಾರೋ ಬ್ರಷ್ಷಿನಿಂದ ಉಜ್ಜಿ ಮಣ್ಣು ತೆಗೆದಿದ್ದರು.

ಬ್ರಷ್ಷು ಅಂದಕೂಡಲೇ ಕಣ್ಣು ಲಂಬುವಿನ ಮೇಲೆ ಬಿತ್ತು. ಬಾಲ್ಯದ ಗೆಳೆಯ, ಹಲ್ಲಿನ ಡಾಕ್ಟರು, ಬಾಗಿಲು ಕಂಡಲ್ಲೆಲ್ಲ ತಲೆ ಬಗ್ಗಿಸುವಷ್ಟು ಉದ್ದ. ನಿನ್ನೆ ಸಂಜೆ ನಾನು ಟೆಂಟ್ ಹಾಕುವಾಗ ಸೌದೆ ತರುತ್ತೇನೆಂದು ಹೋದವನು, ಕತ್ತಲು ಕವಿದ ಮೇಲೆ ನಾಲ್ಕು ಪುರಲೆ ಹಿಡಿದು ಬಂದಿದ್ದ. ನೀರಿಗೆಂದು ಹೋದ ನನ್ನ ಹೆಂಡತಿಯೂ ಅವನ ಹಿಂದೆಯೇ ಬಂದಳು. ಆಗ ಹೊಳೆಯದ ಇನ್ನೊಂದು ಸಂಶಯವೂ ಈಗ ತಲೆಯೆತ್ತಿತು. ಛೆ, ಎಂದು ಅದನ್ನು ಕೊಡವಿಕೊಂಡೆ.

ಊಟಕ್ಕೆ ಕೂತಾಗ ಬ್ರೆಡ್ಡಿಗೆ ಚಾಚಿದ ಲಂಬುವಿನ ಕೈ ನೋಡಿದೆ. ಒರಟು ಕಲ್ಲು ಬೆರಳ ತುದಿಯ ಚರ್ಮ ಕಿತ್ತುಬಿಡುತ್ತದೆ. ಅವನದು ನುಣ್ಣಗಿತ್ತು. ಏನೋ ಸುತ್ತಿಕೊಂಡು ಹತ್ತಿದ್ದಾನೆ ಕಳ್ಳ, ಎಂದುಕೊಂಡೆ. ಪಕ್ಕದಲ್ಲಿ ಹೆಂಡತಿ ಬೆರಳಿಗೆ ಪಟ್ಟಿ ಕಟ್ಟಿಕೊಂಡು ಸೇಬು ಹೆಚ್ಚುತ್ತಿದ್ದಳು. ಚಾಕು ತಾಗಿತು ಅಂದಿದ್ದಳು. ನಂಬಿದ್ದೆ.

"ಎಷ್ಟನೇ ಸಲಕ್ಕೆ ಹತ್ತಿದೆ?" ಎಂದು ಲಂಬುವನ್ನು ಕೇಳಿದೆ.

"ಏನನ್ನ?"

"ಬೆಣ್ಣೇಲಿ ಕೂದಲು ತೆಗೆದ ಹಾಗೆ ಮಾತಾಡ್ಬೇಡ. ಇಷ್ಟು ದಿನ ನನ್ನ ಕೆಳಗೆ ನಿಂತು, ನನ್ನ ಬೆನ್ನಿಗೇ ಚೂರಿ ಹಾಕ್ದೆಯಲ್ಲೋ."

ಅವನು ನನ್ನ ಹೆಂಡತಿಯ ಮುಖ ನೋಡಿದ. "ಹೂಂ, ನಾನೇ ಅಂದ್ಕೋ."

"ಹಾಗಾದ್ರೆ ನಿನ್ನ ದಾರಿ ನಿನಗೆ, ನನ್ನ ದಾರಿ ನನಗೆ."

ಹೆಂಡತಿ ಚಾಕು ಕೆಳಗಿಟ್ಟಳು. "ಅವರಲ್ಲ. ಹತ್ತಿದ್ದು ನಾನು."

"ನೀನಾ?" ಎಂದು ನಕ್ಕುಬಿಟ್ಟೆ.

"ಇದೇ ನಗು," ಎಂದಳು. "ಹೋದ ವರ್ಷ ಎರಡು ಸಲ ಕೇಳ್ದೆ, ಕೆಳಗೆ ನಿಂತ್ಕೋ, ನಾನೂ ಹತ್ತಿ ನೋಡ್ತೀನಿ ಅಂತ. ಹೀಗೇ ನಕ್ಕೆ. ಅದಕ್ಕೇ ನಿನ್ನೆ ಅವರನ್ನ ಕೇಳ್ದೆ. ನಿನಗೆ ಹೇಳ್ಬೇಡಿ ಅಂದಿದ್ದೂ ನಾನೇ. ಮೊದಲು ಹತ್ತಿದವನು ನೀನೇ ಅಂತ ಇರಲಿ ಅಂದ್ಕೊಂಡಿದ್ದೆ."

ಎದ್ದು ಹೋಗಿ ಶೂ ಹಾಕಿಕೊಂಡಳು, ಕೈಗೆ ಪುಡಿ ಬಳಿದುಕೊಂಡಳು, ಹತ್ತತೊಡಗಿದಳು. ಎಡಗೈ ಸೀದಾ ಆ ಸೀಳಿಗೆ ಹೋಯಿತು. ಅವಳ ಎತ್ತರಕ್ಕೆ ಅಳತೆ ಕೊಟ್ಟು ಹೊಲಿಸಿದ ಹಾಗಿತ್ತು. ಲಂಬುವಿನಂಥವನಿಗೆ ಅಷ್ಟು ಕೆಳಗಿನ ಹಿಡಿ ಯಾಕೆ ಬೇಕು ಎಂಬುದು ಇಷ್ಟೆಲ್ಲ ಬಂಪರ್ ಸವರಿದ ನನಗೆ ಹೊಳೆದಿರಲಿಲ್ಲ.

ಕೆಳಗೆ ನಿಂತಿದ್ದ ಲಂಬುವನ್ನು ಸರಿಸಿ, ನಾನೇ ಎರಡೂ ಕೈ ಮೇಲೆತ್ತಿ ನಿಂತೆ. ಅವಳು ಭುಜದ ಮೇಲಿಂದ ಒಮ್ಮೆ ಕೆಳಗೆ ನೋಡಿ, ಅಲ್ಲೇ ನಿಂತಳು.

"ಡಾಕ್ಟ್ರೇ, ನೀವೇ ನಿಂತ್ಕೊಳ್ಳಿ," ಎಂದಳು.

ನಾನು ಪಕ್ಕಕ್ಕೆ ಸರಿದೆ. ಎತ್ತಿದ ಕೈ ಇಳಿಸುವುದು ಮಾತ್ರ ನೆನಪಾಗಲಿಲ್ಲ.