ಹೆಸರು ಅಳಿಸುವ ಕೆಲಸ

ನಮ್ಮನ್ನು ಕಂಡರೆ ಲ್ಯಾಬಿನವರಿಗೆ ಒಂದು ಬಗೆಯ ಅಸಡ್ಡೆ. ‘ಪ್ರಯೋಗ ಕೈಗೆ ಹತ್ತದೆ ಜರ್ನಲ್ ಆಫೀಸು ಸೇರಿಕೊಂಡವರು’ ಎನ್ನುತ್ತಾರೆ. ಬೆನ್ನ ಹಿಂದೆ ಅಲ್ಲ, ಈ ದೇಶದಲ್ಲಿ ಇಂಥದ್ದನ್ನೆಲ್ಲ ಮುಖದ ಮೇಲೇ ಹೇಳುವುದು. ಲೈಡನ್ನಿನಲ್ಲಿ ಸಸ್ಯವಿಜ್ಞಾನದ ಒಂದು ಸಣ್ಣ ಜರ್ನಲ್ ನಡೆಸುತ್ತ ನನ್ನ ತಲೆ ನರೆತಿದೆ, ಆ ಮಾತಿಗೆ ಉತ್ತರ ಕೊಡುತ್ತ ನಾಲಿಗೆ ಹರಿತವಾಗಿದೆ. ನಾನು ಫ್ರೀಸ್‌ಲ್ಯಾಂಡಿನವಳು, ಹೆಸರು ಚಿಟ್ಸ್ಕೆ. ನಮ್ಮ ಕಡೆಯವರಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಉಳಿದ ಡಚ್ಚರು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಈಗ ಯಾರಾದರೂ ಲ್ಯಾಬು, ಆಫೀಸು ಎಂದು ಶುರುಮಾಡಿದರೆ ನಾನು ಜಗಳಕ್ಕೆ ನಿಲ್ಲುವುದಿಲ್ಲ. ಕೂರಿಸಿ, ಕಾಫಿ ಕೊಟ್ಟು, ಯೋರಿಂಡೆಯ ಕತೆ ಹೇಳುತ್ತೇನೆ.

ಯೋರಿಂಡೆ ಗಿಡದ ಬೇರುಗಳ ಮೇಲೆ ಡಾಕ್ಟರೇಟ್ ಮಾಡಿದ ಹುಡುಗಿ. ಕೆಲಸ ಕೇಳಿಕೊಂಡು ಬಂದಾಗ ನಾನು ಎಲ್ಲರಿಗೂ ಕೇಳುವ ಪ್ರಶ್ನೆಯನ್ನೇ ಅವಳಿಗೂ ಕೇಳಿದೆ.

“ಲ್ಯಾಬ್ ಯಾಕೆ ಬಿಡ್ತಿದೀಯ? ನಿಜ ಹೇಳು.”

“ನನ್ನ ಪ್ರಯೋಗ ಮಾಡೋವಾಗ ಹನ್ನೊಂದು ಗಂಟೆಗೇ ಹೊಟ್ಟೆ ಚುರುಗುಟ್ಟುತ್ತೆ. ಬೇರೆಯವರ ಪ್ರಬಂಧ ಓದೋಕೆ ಕೂತ್ರೆ ಊಟ ಮಾಡಿದ್ನೋ ಇಲ್ವೋ ಅನ್ನೋದೇ ನೆನಪಿರಲ್ಲ” ಎಂದಳು.

ಅಷ್ಟು ಸಾಕಾಯಿತು ನನಗೆ. ಒಂದು ವರ್ಷದ ಕರಾರಿನ ಮೇಲೆ ತೆಗೆದುಕೊಂಡೆ. ವರ್ಷ ಮುಗಿದ ಮೇಲೆ ಖಾಯಂ ಮಾಡುವುದೋ ಮನೆಗೆ ಕಳಿಸುವುದೋ ನಾನು ನಿರ್ಧರಿಸಬೇಕು, ಅದು ರೂಢಿ.

ನಮ್ಮ ಕೆಲಸ ಹೊರಗಿನವರು ತಿಳಿದಂತೆ ಅಕ್ಷರ ತಿದ್ದುವುದಲ್ಲ. ಬಂದ ಪ್ರಬಂಧದಲ್ಲಿ ಹುರುಳಿದೆಯೇ ನೋಡಬೇಕು. ಇದ್ದರೆ ಆ ವಿಷಯ ಬಲ್ಲ ಪರಿಶೀಲಕರನ್ನು ಹುಡುಕಿ ಒಪ್ಪಿಸಬೇಕು. ಅವರು ಹೇಳಿದ್ದನ್ನು ತೂಗಿ, ಬರೆದವರಿಗೆ ಹೌದು ಅಥವಾ ಇಲ್ಲ ಎನ್ನಬೇಕು. ಇದೆಲ್ಲದರ ನಡುವೆ ಒಂದು ಕಟ್ಟುನಿಟ್ಟು: ಪರಿಶೀಲಕರು ಯಾರೆಂದು ಬರೆದವರಿಗೆ ತಿಳಿಯಕೂಡದು. ನಿನ್ನೆ ಮೊನ್ನೆ ಬಂದವರು ದೊಡ್ಡ ದೊಡ್ಡವರ ಕೆಲಸವನ್ನು ತೂಗುತ್ತಾರೆ. ಹೆಸರು ಹೊರಬಿದ್ದರೆ ಅವರ ಗತಿ ಏನು? ಹಾಗಾಗಿ ಕಳಿಸುವ ಪ್ರತಿಯೊಂದು ಕಾಗದದಿಂದಲೂ ಪರಿಶೀಲಕರ ಹೆಸರು ಅಳಿಸುವುದು ನಮ್ಮ ಕೆಲಸದ ಅರ್ಧ ಪಾಲು.

ಯೋರಿಂಡೆಯ ವರ್ಷ ಮುಗಿಯಲು ಇನ್ನು ಕೆಲವೇ ತಿಂಗಳು ಇದ್ದಾಗ ಪ್ರೊಫೆಸರ್ ಆರ್ನೌಟ್ ಟೆರ್ ವೆಲ್ಲೆಯ ಪ್ರಬಂಧ ಬಂತು. ಬೇರುಗಳ ವಿಷಯದಲ್ಲಿ ಅವರ ಮಾತೆಂದರೆ ಮಾತು. ಮಣ್ಣಿನಲ್ಲಿ ಉಪ್ಪು ಕಂಡರೆ ಬೇರು ಹೇಗೆ ದಿಕ್ಕು ಬದಲಿಸಿ ತಪ್ಪಿಸಿಕೊಳ್ಳುತ್ತದೆ ಎಂದು ಬರೆದಿದ್ದರು. ಯೋರಿಂಡೆ ಅದನ್ನು ಗಡಿಯಾಚೆಯ ಗೆಂಟ್ ಊರಿನ ಲೀಸೆಲೋಟ್ ಎಂಬ ಸಂಶೋಧಕಿಗೆ ಕಳಿಸಿದಳು. ಇನ್ನೂ ಖಾಯಂ ನೌಕರಿ ಇಲ್ಲದ ಹೆಣ್ಣು, ಆದರೆ ಕಣ್ಣು ಚುರುಕು. ಪ್ರಬಂಧದ ಪುಟಪುಟದ ಅಂಚಿನಲ್ಲೂ ಬರೆದು ಕಳಿಸಿದಳು. ಒಂದು ಕಡೆ ಹೀಗಿತ್ತು: ‘ಬೇರನ್ನು ಗಾಜಿನಂಥ ತಟ್ಟೆಯಲ್ಲಿ ದೀಪದ ಕೆಳಗೆ ಬೆಳೆಸಿದ್ದೀರಿ. ಮಣ್ಣೊಳಗೆ ಬೇರಿಗೆ ಬೆಳಕು ಎಲ್ಲಿಂದ ಬರಬೇಕು? ಅದು ಹೆದರಿದ್ದು ಉಪ್ಪಿಗೋ ಬೆಳಕಿಗೋ? ಕಪ್ಪು ಕಾಗದ ಮುಚ್ಚಿ ಮತ್ತೆ ಮಾಡಿ. ಇಷ್ಟು ಸಣ್ಣ ವಿಷಯ ಹೊಳೆಯದಿದ್ದುದು ಆಶ್ಚರ್ಯ.’

ಮೆಣಸಿನಕಾಯಿ ಅರೆದಂತಿತ್ತು. ಆದರೆ ಸರಿಯಾಗಿತ್ತು.

ಅಂಚಿನಲ್ಲಿ ಬರೆದರೆ ಪ್ರತಿ ಮಾತಿನ ಪಕ್ಕದಲ್ಲೂ ಕಂಪ್ಯೂಟರು ತಾನೇ ಬರೆದವರ ಹೆಸರನ್ನು ಅಂಟಿಸುತ್ತದೆ. ಯೋರಿಂಡೆ ಒಂದು ಪ್ರತಿ ತೆಗೆದು, ಅದರಲ್ಲಿದ್ದ ಹೆಸರುಗಳನ್ನೆಲ್ಲ ಅಳಿಸಿದಳು. ಟೆರ್ ವೆಲ್ಲೆಗೆ ಕಳಿಸುವಾಗ ಮಾತ್ರ ಹೆಸರಿದ್ದ ಇನ್ನೊಂದು ಪ್ರತಿಯನ್ನೇ ಕಳಿಸಿಬಿಟ್ಟಳು.

ಮರುದಿನ ಬೆಳಗ್ಗೆ ಅವಳು ಎರಡು ಲೋಟ ಕಾಫಿ ಹಿಡಿದು ನನ್ನ ಕೋಣೆಗೆ ಬಂದಳು. ಮುಖ ಬಿಳಿಚಿಕೊಂಡಿತ್ತು.

“ಚಿಟ್ಸ್ಕೆ, ನೀನು ಮೊದಲು ಕೂತ್ಕೋ.”

“ಕೂತೇ ಇದೀನಲ್ಲ.”

“ಸರಿ. ಹಾಗಾದ್ರೆ ಏಳ್ಬೇಡ” ಎಂದು ನಡೆದದ್ದನ್ನೆಲ್ಲ ಹೇಳಿದಳು.

ನಾನು ಎದ್ದೆ. ಕಾಫಿ ಚೆಲ್ಲಿತು. ನಮ್ಮೂರಿನ ಭಾಷೆಯಲ್ಲಿ ಏನೇನೋ ಬೈದೆ, ಅವಳಿಗೆ ಅರ್ಥವಾಗದಿದ್ದುದು ಒಳ್ಳೆಯದೇ ಆಯಿತು. ನನಗೆ ಉಸಿರು ಸಾಲದಾದಾಗ ಅವಳು ಹೇಳಿದಳು:

“ಇನ್ನೂ ಇದೆ. ಗೆಂಟ್‌ನಲ್ಲಿ ಲೀಸೆಲೋಟ್ ಖಾಯಂ ಕೆಲಸಕ್ಕೆ ಅರ್ಜಿ ಹಾಕಿದಾರೆ. ಮುಂದಿನ ತಿಂಗಳು ಸಂದರ್ಶನ. ಆಯ್ಕೆ ಸಮಿತೀಲಿ ಹೊರಗಿಂದ ಬರೋ ಸದಸ್ಯ ಯಾರು ಗೊತ್ತಾ? ಟೆರ್ ವೆಲ್ಲೆ.”

ನಾನು ಮತ್ತೆ ಕೂತೆ. ಅಂಥ ಸಮಿತಿಯಲ್ಲಿ ಯಾರೂ ಯಾರ ಮೇಲೂ ಕೂಗಾಡುವುದಿಲ್ಲ. ‘ಹುಡುಗಿ ಜಾಣೆ, ಆದರೆ ಸ್ವಲ್ಪ ಅವಸರ’ ಎಂದು ಒಬ್ಬ ಹಿರಿಯ ಹುಬ್ಬೇರಿಸಿದರೆ ಮುಗಿಯಿತು.

“ಅವರು ಅದನ್ನ ತೆರೆದು ನೋಡಿದಾರೋ ಇಲ್ವೋ ಗೊತ್ತಿಲ್ಲ” ಎಂದಳು ಯೋರಿಂಡೆ. “ಸರಿಯಾದ ಪ್ರತಿ ಕಳಿಸಿ ಸುಮ್ನಿದ್ದುಬಿಡಬಹುದು. ಯಾರಿಗೂ ಗೊತ್ತಾಗ್ದೇನೂ ಇರಬಹುದು. ಆದ್ರೆ ನನ್ನ ಕೈಲಿ ಆಗಲ್ಲ. ಮೊದಲು ಲೀಸೆಲೋಟ್‌ಗೆ ಹೇಳ್ಬೇಕು. ಫೋನಲ್ಲಿ ಬೇಡ, ಎದುರಿಗೆ.”

“ನನ್ನ ಜರ್ನಲ್ ಇದು. ನಾನೂ ಬರ್ತೀನಿ” ಎಂದೆ. ಸಿಟ್ಟು ಇನ್ನೂ ಇಳಿದಿರಲಿಲ್ಲ.

ಆಂಟ್‌ವರ್ಪ್‌ನಲ್ಲಿ ರೈಲು ಬದಲಿಸಿ ಗೆಂಟ್‌ಗೆ ಹೋದೆವು. ದಾರಿಯುದ್ದಕ್ಕೂ ಯೋರಿಂಡೆ ತಂದಿದ್ದ ಚೀಸ್ ಬ್ರೆಡ್ಡನ್ನು ಕೈಯಲ್ಲೇ ಹಿಡಿದುಕೊಂಡಿದ್ದಳು, ತಿನ್ನಲಿಲ್ಲ. ಕೊನೆಗೆ ನಾನೇ ಕಿತ್ತುಕೊಂಡು ತಿಂದೆ.

ಲೀಸೆಲೋಟ್ ಗಾಜಿನ ಮನೆಯಲ್ಲಿ ಸಸಿಗಳ ನಡುವೆ ಇದ್ದಳು. ಗೆಂಟ್‌ನವರು ಆಡುವುದೂ ಡಚ್ ಭಾಷೆಯೇ, ಆದರೆ ಬೆಣ್ಣೆ ಸವರಿದಂತೆ ಮೆತ್ತಗೆ. ಯೋರಿಂಡೆ ಸುತ್ತಿ ಬಳಸಿ ಮಾತಾಡಲಿಲ್ಲ. ತಪ್ಪು ನನ್ನದು, ಹೀಗಾಯಿತು, ಎಂದು ನೇರವಾಗಿ ಹೇಳಿದಳು. ಲೀಸೆಲೋಟ್ ಕೈಗವಸು ತೆಗೆದು ಮೇಜಿನ ಮೇಲಿಟ್ಟಳು.

“ನೀವು ಮಾತು ಕೊಟ್ಟಿದ್ರಿ.”

“ಕೊಟ್ಟಿದ್ವಿ” ಎಂದಳು ಯೋರಿಂಡೆ.

“ನಾನು ಅಷ್ಟು ಖಾರವಾಗಿ ಬರೆದದ್ದೇ ಹೆಸರು ಕಾಣಲ್ಲ ಅಂತ. ಕಾಣುತ್ತೆ ಅಂತ ಗೊತ್ತಿದ್ರೆ ಮೆತ್ತಗೆ ಬರೀತಿದ್ದೆ.”

“ಮೆತ್ತಗೆ ಬರೆದಿದ್ರೂ ಕಪ್ಪು ಕಾಗದ ಮುಚ್ಚಲೇಬೇಕಿತ್ತು. ನೀವು ಹೇಳಿದ್ದು ಸರಿ ಇದೆ.”

“ಸರಿ ಇದ್ದು ಏನು ಬಂತು?” ಎಂದಳು ಲೀಸೆಲೋಟ್. “ವರ್ಷ ವರ್ಷಕ್ಕೂ ಕರಾರು ಮುಂದೂಡಿಸಿಕೊಂಡು ಇಲ್ಲೇ ಇದೀನಿ. ಇನ್ನು ಮುಂದೂಡಲ್ಲ ಅಂತ ಹೇಳಿಬಿಟ್ಟಿದಾರೆ. ಈ ಕೆಲಸವೂ ಕೈತಪ್ಪಿದ್ರೆ ಲ್ಯಾಬ್ ಬಾಗಿಲೇ ಮುಚ್ಚಿಹೋಗುತ್ತೆ. ಆಮೇಲೆ ನಾನೂ ನಿಮ್ಮ ಹಾಗೆ ಯಾವುದಾದ್ರೂ ಜರ್ನಲ್ ಆಫೀಸು ಹುಡುಕ್ಕೋಬೇಕು.”

ಆ ಹೊತ್ತಿನಲ್ಲೂ ನನಗೆ ಚುರುಕೆಂದಿತು. “ಬರೋದಾದ್ರೆ ಬಾಮ್ಮ. ಆದ್ರೆ ನಮ್ಮಲ್ಲೂ ಪರೀಕ್ಷೆ ಇದೆ, ಕರೆದು ಕೂರಿಸಲ್ಲ” ಎಂದೆ. ಯೋರಿಂಡೆ ನನ್ನ ಕಾಲು ತುಳಿದಳು. ಲೀಸೆಲೋಟ್ ಮಾತ್ರ ಅಷ್ಟು ದುಃಖದಲ್ಲೂ ಸಣ್ಣಗೆ ನಕ್ಕಳು.

“ನನಗೊಂದು ಅಪ್ಪಣೆ ಕೊಡಿ” ಎಂದಳು ಯೋರಿಂಡೆ. “ಟೆರ್ ವೆಲ್ಲೆ ಹತ್ರ ಹೋಗ್ತೀನಿ. ಸಮಿತಿಯಿಂದ ಹಿಂದೆ ಸರೀರಿ ಅಂತ ಕೇಳ್ತೀನಿ. ಒಪ್ಪಲಿಲ್ಲ ಅಂದ್ರೆ ಸಮಿತಿಗೆ ನಾನೇ ಬರೀತೀನಿ, ತಪ್ಪು ನನ್ನದು ಅಂತ. ನೀವು ಬೇಡ ಅಂದ್ರೆ ಒಂದಕ್ಷರ ಬರೆಯಲ್ಲ.”

ಲೀಸೆಲೋಟ್ ಕೈಗವಸನ್ನು ಮತ್ತೆ ಹಾಕಿಕೊಂಡಳು. ಆಮೇಲೆ ಹೋಗಿ ಬನ್ನಿ ಎಂದಳು.

ಪ್ರೊಫೆಸರ್ ಟೆರ್ ವೆಲ್ಲೆ ಎಂಥವರು ಎಂದು ಹೇಳಬೇಕು. ಕೆಟ್ಟವರಲ್ಲ. ತಾವು ಹೇಳಿದ್ದನ್ನು ಬಹಳ ಕಾಲದಿಂದ ಯಾರೂ ಅಲ್ಲಗಳೆಯದೆ, ಎದುರುಮಾತು ಕೇಳುವ ಅಭ್ಯಾಸ ತಪ್ಪಿದವರು, ಅಷ್ಟೇ. ಅವರ ಕೋಣೆಗೆ ಹೋದಾಗ ನಮಗೆ ಕುರ್ಚಿ ತೋರಿಸಿದರು, ಕಾಫಿ ಕೊಟ್ಟರು, ಡಬ್ಬಿ ತೆಗೆದು ಒಂದೊಂದು ಬಿಸ್ಕತ್ತು ಕೊಟ್ಟು ಮುಚ್ಚಳ ಮುಚ್ಚಿದರು.

“ಗೆಂಟ್‌ನ ಹುಡುಗಿ ತಾನೇ? ನೋಡಿದೆ” ಎಂದರು. “ಒಳ್ಳೆ ನಾಲಿಗೆ.”

“ಹೆಸರು ಕಳಿಸಿದ್ದು ನನ್ನ ತಪ್ಪು. ಆದ್ರೆ ನೀವು ಈಗ ಆ ಸಮಿತೀಲಿ ಕೂರೋ ಹಾಗಿಲ್ಲ. ಹಿಂದೆ ಸರೀರಿ ಅಂತ ಕೇಳೋಕೆ ಬಂದಿದೀನಿ” ಎಂದಳು ಯೋರಿಂಡೆ.

“ಅಂದ್ರೆ ನಾನು ಹಗೆ ಸಾಧಿಸ್ತೀನಿ ಅಂತಾನಾ?”

“ನೀವು ಸಾಧಿಸದಿದ್ರೂ, ಸಾಧಿಸ್ತೀರೇನೋ ಅನ್ನೋ ಹೆದರಿಕೇಲಿ ಅವರು ಸಂದರ್ಶನಕ್ಕೆ ಕೂರ್ಬೇಕಾಗುತ್ತೆ.”

ಪ್ರೊಫೆಸರರ ಕಿವಿ ಕೆಂಪಾಯಿತು. “ಲ್ಯಾಬಲ್ಲಿ ನಿಲ್ಲೋಕಾಗ್ದೆ ಓಡಿಹೋದವರು ನನಗೆ ನ್ಯಾಯ ಹೇಳೋಕೆ ಬಂದ್ರಾ?”

ಬಂತಲ್ಲ, ಅದೇ ಮಾತು. ನಾನು ಬಾಯಿ ತೆರೆದೆ. ಏನು ಹೇಳುತ್ತಿದ್ದೆನೋ, ಅಂತೂ ಒಳ್ಳೆಯದೇನೂ ಹೇಳುತ್ತಿರಲಿಲ್ಲ. ಅಷ್ಟರಲ್ಲಿ ಯೋರಿಂಡೆ ಚೀಲದಿಂದ ಒಂದು ಹಾಳೆ ತೆಗೆದು ಅವರ ಮುಂದಿಟ್ಟಳು. ಅವರದೇ ಪ್ರಬಂಧದ ಚಿತ್ರ, ತಟ್ಟೆಯಲ್ಲಿ ಸಾಲಾಗಿ ಇಳಿದ ಬೇರುಗಳು.

“ನಾಲ್ಕು ವರ್ಷ ನಾನೂ ಬೇರು ಬೆಳೆಸಿದೀನಿ, ನಿಮ್ಮ ಹಾಗೇ ಬೆಳಕಲ್ಲಿ. ಕೊನೇಲಿ ಕಪ್ಪು ಕಾಗದ ಮುಚ್ಚಿ ನೋಡಿದ್ರೆ ಅರ್ಧ ಕೆಲಸ ನೀರಲ್ಲಿ ಹೋಯ್ತು. ಅದಕ್ಕೇ ಈ ಚಿತ್ರ ನನ್ನ ಕಣ್ಣಿಗೆ ಬಿತ್ತು. ಈ ತುದಿ ನೋಡಿ. ತಟ್ಟೆ ಇಟ್ಟಿದ್ದ ಚೌಕಟ್ಟಿನ ನೆರಳು ಇಲ್ಲಿ ಬಿದ್ದಿದೆ. ಉಪ್ಪು ಎಲ್ಲಾ ಕಡೆ ಒಂದೇ ಸಮ ಇದೆ. ಬೆಳಕಲ್ಲಿರೋ ಬೇರುಗಳೆಲ್ಲ ಸೊಟ್ಟಗಾಗಿವೆ. ನೆರಳಲ್ಲಿರೋ ಈ ಎರಡು ಮಾತ್ರ ನೆಟ್ಟಗೆ ಇಳಿದಿವೆ.”

ಪ್ರೊಫೆಸರರು ಕನ್ನಡಕ ಹಾಕಿಕೊಂಡರು. ತೆಗೆದರು. ಮತ್ತೆ ಹಾಕಿಕೊಂಡು ಹಾಳೆಯನ್ನು ಕಿಟಕಿಯ ಹತ್ತಿರ ಒಯ್ದರು. ಹೊರಗೆ ಯಾರೋ ಸೈಕಲ್ ಗಂಟೆ ಬಾರಿಸುತ್ತ ಹೋದರು.

“ಇದು ಆ ಹುಡುಗಿ ಬರೆದದ್ರಲ್ಲಿ ಇರ್ಲಿಲ್ಲ” ಎಂದರು ಕೊನೆಗೆ.

“ಇಲ್ಲ. ಅವರೂ ನೋಡಿಲ್ಲ. ಇದು ನಾನು ನೋಡಿದ್ದು. ನೋಡೋದೇ ನನ್ನ ಕೆಲಸ” ಎಂದಳು ಯೋರಿಂಡೆ.

ಜಂಬವಿಲ್ಲದೆ, ದನಿ ಏರಿಸದೆ ಹೇಳಿದಳು. ನನ್ನ ಎದೆ ಉಬ್ಬಿತು ಎಂದರೆ ಕಡಿಮೆಯೇ. ಇಷ್ಟು ವರ್ಷ ನಾನು ಕೂಗಾಡಿ ಹೇಳಲು ಆಗದ್ದನ್ನು ಈ ಹುಡುಗಿ ಮೂರು ಮಾತಲ್ಲಿ ಹೇಳಿ ಮುಗಿಸಿದ್ದಳು. ಆ ದಿನ ಅವಳ ತಪ್ಪಿನ ಮೇಲಿದ್ದ ನನ್ನ ಸಿಟ್ಟು ಎಲ್ಲಿ ಹೋಯಿತೋ ನನಗೇ ತಿಳಿಯಲಿಲ್ಲ.

ಪ್ರೊಫೆಸರರು ಮೇಜಿಗೆ ಮರಳಿ, ನಾವು ಕೂತಿದ್ದಂತೆಯೇ ಆಯ್ಕೆ ಸಮಿತಿಗೆ ಬರೆದರು: ತಮ್ಮ ಪ್ರಬಂಧವನ್ನು ಅಭ್ಯರ್ಥಿಯೊಬ್ಬರು ಪರಿಶೀಲಿಸಿದ್ದು ತಿಳಿದುಬಂದಿದೆ, ಆದ್ದರಿಂದ ತಾವು ಕೂರುವುದು ಸರಿಯಲ್ಲ, ಬೇರೆಯವರನ್ನು ಕರೆಯಿರಿ. ಬರೆದದ್ದನ್ನು ಯೋರಿಂಡೆಗೆ ಓದಿಸಿ ಕಳಿಸಿದರು. ನಾವು ಎದ್ದಾಗ ಬಿಸ್ಕತ್ತಿನ ಡಬ್ಬಿಯನ್ನು ಮತ್ತೆ ತೆರೆದು ಮುಂದೆ ಹಿಡಿದರು. ಈ ನಾಡಿನಲ್ಲಿ ಎರಡನೆಯ ಬಿಸ್ಕತ್ತು ಸಿಗುವುದೆಂದರೆ ಸಣ್ಣ ಮರ್ಯಾದೆಯಲ್ಲ. ನಾನು ತೆಗೆದುಕೊಂಡೆ.

ಲೀಸೆಲೋಟ್‌ಗೆ ಕೆಲಸ ಸಿಕ್ಕಿತು. ಯಾರ ಹುಬ್ಬೂ ಏರದೆ, ತನ್ನ ಯೋಗ್ಯತೆಯ ಮೇಲೇ ಸಿಕ್ಕಿತು. ಅಂದು ಸಂಜೆ ಫೋನ್ ಮಾಡಿ ಯೋರಿಂಡೆಯ ಹತ್ತಿರ ಏನು ಹೇಳಿದಳೋ, ಇವಳು ಕಣ್ಣೊರೆಸಿಕೊಳ್ಳುತ್ತ ಬರೀ ಹೂಂ ಹೂಂ ಎನ್ನುತ್ತಿದ್ದಳು.

ಟೆರ್ ವೆಲ್ಲೆಯ ಪ್ರಬಂಧ ಶರತ್ಕಾಲದಲ್ಲಿ ತಿದ್ದಿಕೊಂಡು ಮರಳಿ ಬಂತು. ಕಪ್ಪು ಕಾಗದ ಮುಚ್ಚಿ ಎಲ್ಲವನ್ನೂ ಹೊಸದಾಗಿ ಮಾಡಿದ್ದರು. ಹಳೆಯ ವಾದದ ಅರ್ಧ ಬಿದ್ದುಹೋಗಿತ್ತು, ಉಳಿದರ್ಧ ಮೊದಲಿಗಿಂತ ಗಟ್ಟಿಯಾಗಿತ್ತು. ಅಚ್ಚಿಗೆ ಹೋಗುವ ಮುನ್ನ ಕೊನೆಯ ಕರಡನ್ನು ನಾನೇ ನೋಡಿದೆ. ಕಡೆಯ ಪುಟದ ಕೃತಜ್ಞತೆಯಲ್ಲಿ ಎರಡು ಹೆಸರು ಇದ್ದವು. ಒಂದು ಲೀಸೆಲೋಟ್‌ಳದು, ಅವಳೇ ಒಪ್ಪಿ ಬರೆದುಕೊಟ್ಟಿದ್ದಳು. ಇನ್ನೊಂದು: ‘ನಮ್ಮ ಕಣ್ಣು ತಪ್ಪಿದ್ದನ್ನು ನಮ್ಮದೇ ಚಿತ್ರದಲ್ಲಿ ತೋರಿಸಿದ ಸಂಪಾದಕಿ ಯೋರಿಂಡೆ ಬ್ರಾಮರ್ ಅವರಿಗೆ.’

ನಮ್ಮ ಜರ್ನಲ್ಲಿನಲ್ಲಿ ಸಂಪಾದಕರಿಗೆ ಕೃತಜ್ಞತೆ ಹೇಳುವಂತಿಲ್ಲ. ಹೊಗಳಿಸಿಕೊಂಡು ಪ್ರಬಂಧ ಒಪ್ಪಿದರು ಎಂಬ ಮಾತು ಬರಬಾರದೆಂದು ಆ ನಿಯಮ ಬರೆದವಳು ನಾನೇ.

ಅಂದು ಆಫೀಸಿನಲ್ಲಿ ಎಲ್ಲರಿಗೂ ಕೇಕು. ನಮ್ಮಲ್ಲಿ ಯಾರಿಗೆ ಒಳ್ಳೆಯದಾಯಿತೋ ಅವರೇ ಉಳಿದವರಿಗೆ ತಿನ್ನಿಸಬೇಕು. ವರ್ಷ ಮುಗಿದು ಅಂದೇ ಖಾಯಂ ಆದ ಯೋರಿಂಡೆ ತಾನೇ ಮಾಡಿದ ಸೇಬಿನ ಕೇಕನ್ನು ಸೈಕಲ್ ಬುಟ್ಟಿಯಲ್ಲಿಟ್ಟುಕೊಂಡು ತಂದಿದ್ದಳು. ನಾನು ಅವಳನ್ನು ಒಳಗೆ ಕರೆದು ಕರಡನ್ನು ಮುಂದಿಟ್ಟೆ.

“ನಿಯಮ ನಂದು. ಈ ಸಲ ನನಗೆ ಅದು ಮರೆತುಹೋಗಿದೆ” ಎಂದೆ.

ಅವಳು ಓದಿದಳು. ಕತ್ತಿನವರೆಗೂ ಕೆಂಪಾದಳು. ಇನ್ನೊಮ್ಮೆ ಓದಿದಳು. ಆಮೇಲೆ ನನ್ನ ಮೇಜಿನ ಮೇಲಿದ್ದ ಪೆನ್ಸಿಲ್ ತೆಗೆದುಕೊಂಡು ತನ್ನ ಸಾಲಿನ ಮೇಲೆ ನೆಟ್ಟಗೆ ಗೆರೆ ಎಳೆದಳು.

“ಒಂದ್ಸಲ ಹೆಸರು ಅಳಿಸದೇ ಇದ್ದದ್ದನ್ನ ಕಳಿಸಿದ್ದೇ ಸಾಕಾಗಿದೆ, ಚಿಟ್ಸ್ಕೆ. ಬಾ, ಕೇಕ್ ಮುಗಿದುಹೋಗುತ್ತೆ” ಎಂದು ಹೊರಗೆ ಹೋದಳು.

ನಾನು ತಕ್ಷಣ ಹೋಗಲಿಲ್ಲ. ಆ ಸಾಲನ್ನು ತೆಗೆದು ಪ್ರಬಂಧವನ್ನು ಅಚ್ಚಿಗೆ ಕಳಿಸಿ ಆಮೇಲೆ ಹೋದೆ. ಆ ಪ್ರಬಂಧ ಅಚ್ಚಾಯಿತು, ಊರೂರಿನ ಲ್ಯಾಬುಗಳಲ್ಲಿ ಈಗ ಅದನ್ನು ಓದುತ್ತಾರೆ, ತಟ್ಟೆಗೆ ಕಪ್ಪು ಕಾಗದ ಸುತ್ತುತ್ತಾರೆ. ಮೊದಲ ಪುಟದಿಂದ ಕೊನೆಯ ಪುಟದವರೆಗೆ ಹುಡುಕಿದರೂ ಅವಳ ಹೆಸರು ಅಲ್ಲಿ ಸಿಗುವುದಿಲ್ಲ. ಅದಕ್ಕೇ ಸಿಕ್ಕಸಿಕ್ಕವರನ್ನು ಕೂರಿಸಿಕೊಂಡು ನಾನು ಹೇಳುವುದು. ಯೋರಿಂಡೆ ಬ್ರಾಮರ್ ಎಂದು ಅವಳ ಹೆಸರು.