ಕ್ಲಾಂಪಿನ ಕೊನೆಯ ಸುತ್ತು

ಏರಿನ ಅರ್ಧಕ್ಕೆ ಬರುವಷ್ಟರಲ್ಲಿ ಕಾರಿನ ದಮ್ಮು ಹೋಯಿತು. ಗ್ಯಾರೇಜಿನ ಮೇಸ್ತ್ರಿ ಎಕ್ಸಲರೇಟರನ್ನು ತಳಮುಟ್ಟ ತುಳಿದರೂ ಅದು ಮುದಿ ಎತ್ತಿನ ಹಾಗೆ ತೆವಳಿತೇ ಹೊರತು ಓಡಲಿಲ್ಲ. ಹಿಂದೆ ಕರಿ ಹೊಗೆ, ಮುಂದೆ ಡ್ಯಾಶ್‌ಬೋರ್ಡಿನಲ್ಲಿ ಎಚ್ಚರಿಕೆಯ ಹಳದಿ ದೀಪ. ಇದು ಮೂರನೆಯ ಸಲ. "ಊರಿಗೆಲ್ಲ ಉಸಿರು ಕೊಡೋ ಡಾಕ್ಟ್ರ ಕಾರಿಗೇ ಉಬ್ಬಸ" ಎಂದು ರಸ್ತೆಯಾಚೆಯ ಗಾಜಿನಂಗಡಿಯವನು ಮಾಡಿದ್ದ ಕುಚೋದ್ಯ ನೆನಪಾಗಿ ಅವನ ಮೈಯೆಲ್ಲ ಉರಿಯಿತು. ಕಾರು ತಿರುಗಿಸಿಕೊಂಡು ಗ್ಯಾರೇಜಿಗೆ ಬಂದ.

ಮೂರು ತಿಂಗಳ ಹಿಂದೆ ಆ ಕಾರಿನ ಎಂಜಿನ್ನಿಗೆ ಗಾಳಿ ತುಂಬುವ ಟರ್ಬೊ ನಿಜಕ್ಕೂ ಸತ್ತಿತ್ತು. ಹೊಸದನ್ನು ಕೂರಿಸಿದವನು ಮೇಸ್ತ್ರಿಯ ತಮ್ಮ. ವಾರದೊಳಗೆ ಡಾಕ್ಟರು ವಾಪಸು ಬಂದು, ಗಾಡಿ ಏರಿನಲ್ಲಿ ಎಳೆಯುವುದೇ ಇಲ್ಲವೆಂದು ಬಾಗಿಲಲ್ಲೇ ಕೂಗಾಡಿದರು. ಸ್ಕ್ಯಾನರ್ ಹಾಕಿದರೆ ಅದರದೂ ಒಂದೇ ದೂರು, ಟರ್ಬೊದಿಂದ ಬರುವ ಗಾಳಿಯ ಒತ್ತಡ ಸಾಲದು. ಐದಾರು ಗಿರಾಕಿಗಳು ನಿಂತಿದ್ದರು. ಅವರೆದುರಿಗೇ ಮೇಸ್ತ್ರಿ ತಮ್ಮನಿಗೆ, ಅಪ್ಪನ ಕೈಗುಣ ನಿನಗೆ ಎಳ್ಳಷ್ಟೂ ಅಂಟಲಿಲ್ಲ, ಸ್ಪ್ಯಾನರ್ ಕೆಳಗಿಡು ಎಂದ. ತಮ್ಮ ಇಟ್ಟ. ಇಟ್ಟು ಹೋದವನು ಪೇಟೆಯ ಆ ತುದಿಯಲ್ಲಿ ನೀರಿನ ಪಂಪು ರಿಪೇರಿ ಮಾಡುವ ಅಂಗಡಿ ಸೇರಿಕೊಂಡ.

ಆಮೇಲೆ ಮೇಸ್ತ್ರಿ ತಾನೇ ಟರ್ಬೊ ಇಳಿಸಿ ಏರಿಸಿದ. ಸೆನ್ಸರ್ ಒರೆಸಿದ. ಪೈಪುಗಳಿಗೆಲ್ಲ ಸೋಪಿನ ನೀರು ಬಳಿದು ಎಂಜಿನ್ ಓಡಿಸಿ, ಕಣ್ಣಲ್ಲಿ ಕಣ್ಣಿಟ್ಟು ನೋಡಿದ. ಒಂದು ಗುಳ್ಳೆಯೂ ಏಳಲಿಲ್ಲ. ಕಾರು ಅಂಗಳದಲ್ಲಿ ಸಾಧು, ಏರಿನಲ್ಲಿ ಶನಿ.

ಗ್ಯಾರೇಜಿನ ಹಿಂದೆಯೇ ಮನೆ. ಅವನು ಮುಖ ಇಳಿಬಿಟ್ಟುಕೊಂಡು ಬಂದದ್ದನ್ನು ಹೆಂಡತಿ ಕಿಟಕಿಯಿಂದಲೇ ಕಂಡಳು. ಮೈದುನನನ್ನು ಎಂಟು ವರ್ಷದವನಿದ್ದಾಗಿನಿಂದ ಸಾಕಿದವಳು ಅವಳು. ಈ ಮೂರು ತಿಂಗಳು ಗಂಡನ ಹತ್ತಿರ ಎಷ್ಟು ಬೇಕೋ ಅಷ್ಟೇ ಮಾತು. ಈಗ ಗಂಡನನ್ನು ಕೇಳದೆಯೇ ಮೈದುನನಿಗೆ ಫೋನು ಮಾಡಿದಳು. ಮಾಡಿ ಬಂದು ಗಂಡನ ಎದುರು ನಿಂತಳು.

"ಬರ್ತಾನಂತೆ. ಇವತ್ತು ಒಂದು ಒಳ್ಳೇ ಮಾತು ಆಡಿ ಸಾಕು, ಉಳ್ಕೋತಾನೆ. ಆಡ್ಲಿಲ್ಲ ಅಂದ್ರೆ ಇನ್ನು ನಾನು ಕರೆಯೋಳಲ್ಲ."

ತಮ್ಮ ಬಂದ. ಹೇಗಿದ್ದೀಯ ಎಂದು ಅಣ್ಣ ಕೇಳಲಿಲ್ಲ, ಏನಾಗಿದೆ ಎಂದು ತಮ್ಮ ಕೇಳಲಿಲ್ಲ. ಬಾನೆಟ್ಟಿನ ಕೆಳಗೆ ತಲೆ ಹಾಕಿ ಸುಮ್ಮನೆ ನೋಡಿದ. ಮೇಸ್ತ್ರಿಯೇ, ಸೋಪಿನ ನೀರು ಹಾಕಿ ನೋಡಿದ್ದಾಗಿದೆ, ಎಲ್ಲೂ ಸೋರುತ್ತಿಲ್ಲ ಎಂದ.

"ನಿಂತಿರೋ ಗಾಡಿಗೆ ಏನು ಕಷ್ಟ ಇರತ್ತೆ ಅಣ್ಣ, ಸೋರೋಕೆ?" ಎಂದ ತಮ್ಮ. ಚುಚ್ಚಲಿಕ್ಕೆ ಅಂದದ್ದಲ್ಲ. ಆದರೂ ಚುಚ್ಚಿತು.

ಟರ್ಬೊ ಗಾಳಿ ಎಳೆದುಕೊಳ್ಳುವ ಬಾಯಿಗೆ ಅವನು ಒಂದು ಬಿರಡೆ ಜಡಿದ. ಬಿರಡೆಯ ನಡುವಿನ ತೂತಿನಿಂದ ಕಂಪ್ರೆಸರಿನ ಗಾಳಿಯನ್ನು ಹದವಾಗಿ ಬಿಟ್ಟ. ಏರಿನಲ್ಲಿ ಎಷ್ಟು ಒತ್ತಡ ಬೀಳುತ್ತದೋ ಅಷ್ಟಕ್ಕೆ ಗೇಜಿನ ಮುಳ್ಳು ಬಂದಾಗ ನಿಲ್ಲಿಸಿ, ಬ್ರಷ್ಷು ಅದ್ದಿ ಸೋಪಿನ ನೀರು ಬಳಿಯುತ್ತಾ ಹೋದ. ಆ ಗಾಳಿಯನ್ನು ತಣಿಸುವ ಇಂಟರ್‌ಕೂಲರಿಗೆ ಹೋಗುವ ದಪ್ಪ ರಬ್ಬರ್ ಪೈಪಿನ ತಳದಲ್ಲಿ, ಕ್ಲಾಂಪಿನ ಅಡಿಯಿಂದ, ಬಿಳಿ ನೊರೆ ಗಂಜಿ ಉಕ್ಕಿದಂತೆ ಉಕ್ಕಿತು.

ಕ್ಲಾಂಪು ಬಿಚ್ಚಿದ. ಕಬ್ಬಿಣದ ಪಟ್ಟಿಯ ಅಂಚು ರಬ್ಬರಿನೊಳಕ್ಕೆ ಕಚ್ಚಿ, ಉಗುರಿನ ಗಾತ್ರಕ್ಕೆ ಸೀಳಿತ್ತು. ಬೆರಳಿಂದ ಒತ್ತಿದರೆ ಮುಚ್ಚುತ್ತಿತ್ತು, ಬಿಟ್ಟರೆ ಬಾಯಿ ತೆರೆಯುತ್ತಿತ್ತು.

ಆ ಗ್ಯಾರೇಜಿನಲ್ಲಿ ಅಪ್ಪನ ಕಾಲದಿಂದ ಒಂದು ಕಟ್ಟಳೆ. ಯಾರು ಯಾವ ಪೈಪು ಕೂರಿಸಲಿ, ಕ್ಲಾಂಪಿನ ಕೊನೆಯ ಸುತ್ತು ಹಿರಿಯವನದು. ತಮ್ಮ ಬಿಗಿದು ಸರಿದ ಮೇಲೆ ಮೇಸ್ತ್ರಿ ಬಂದು, ಹಲ್ಲು ಕಚ್ಚಿ, ಇನ್ನೊಂದು ಸುತ್ತು ಕೊಡದೆ ಯಾವ ಗಾಡಿಯೂ ಬಾಗಿಲು ದಾಟಿದ್ದಿಲ್ಲ. ತಾನೇ ಟರ್ಬೊ ಇಳಿಸಿ ಏರಿಸಿದಾಗಲೂ ಅದೇ ಪೈಪನ್ನು ಅದೇ ಜಾಗದಲ್ಲಿ ಕೂರಿಸಿ, ತನ್ನ ಕೈಯಾರೆ ಇನ್ನಷ್ಟು ಬಿಗಿದವನು ಅವನೇ.

ತಮ್ಮ ಸೀಳನ್ನು ನೋಡಿದ. ಅಣ್ಣನ ಕೈ ನೋಡಿದ. ಗೂಡಿನಿಂದ ಹೊಸ ಪೈಪು ತೆಗೆದು ಕೂರಿಸತೊಡಗಿದ. ಕ್ಲಾಂಪಿನ ಹೊತ್ತಿಗೆ ಸ್ಕ್ರೂಡ್ರೈವರನ್ನು ಅಣ್ಣನ ಕಡೆ ಚಾಚಿದ. ಮೇಸ್ತ್ರಿ ಬೇಡವೆಂದು ತಲೆಯಾಡಿಸಿದ. ಬಾಯಿಯ ತನಕ ಬಂದ ಮಾತು ಅಲ್ಲೇ ಕೂತಿತ್ತು. ಕೆಲಸ ಮುಗಿಯಲಿ, ಹೇಳಿಯೇಬಿಡುತ್ತೇನೆ ಎಂದುಕೊಂಡ.

ಕೆಲಸ ಮುಗಿಯುವುದಕ್ಕೂ ಡಾಕ್ಟರು ಬರುವುದಕ್ಕೂ ಸರಿಹೋಯಿತು. ಅವರೇ ಕಾರು ತೆಗೆದುಕೊಂಡು ಏರಿನ ತುದಿಯವರೆಗೆ ಹೋಗಿ ಬಂದರು. ಇಳಿಯುವಾಗ ಮುಖ ಅರಳಿತ್ತು. ಹೊಗೆಯಿಲ್ಲ, ದೀಪವಿಲ್ಲ, ಬಾಣದ ಹಾಗೆ ಹತ್ತಿತು ಎಂದರು. ಆಮೇಲೆ ಸೀಳಿದ ಪೈಪನ್ನು ಎತ್ತಿ ತಿರುಗಿಸಿ ನೋಡಿ, ಮೇಸ್ತ್ರಿಯ ಕಡೆ ತಿರುಗಿದರು.

"ಅಂದ್ರೆ ಮೂರು ತಿಂಗಳು ನನ್ನನ್ನ ಸತಾಯಿಸಿದ್ದು ಇದು. ನಿಮ್ಮ ತಮ್ಮ ಬಿಗಿದಿದ್ದು ತಾನೆ?"

ಬಾಗಿಲಲ್ಲಿ ಹೆಂಡತಿ ಟೀ ಹಿಡಿದು ನಿಂತಿದ್ದಳು. ರಸ್ತೆಯಾಚೆಯ ಗಾಜಿನಂಗಡಿಯವನೂ ಕಿವಿ ನಿಮಿರಿಸಿ ಬಂದಿದ್ದ. ಮೇಸ್ತ್ರಿ ಬಾಯಿ ತೆರೆದ. ನನ್ನ ತಪ್ಪು ಎಂಬ ನಾಲ್ಕು ಅಕ್ಷರದ ಮಾತು. ಆ ಕ್ಷಣಕ್ಕೆ ಅವನ ಕೈ ಅಲ್ಲಿದ್ದ ಸ್ಪ್ಯಾನರುಗಳನ್ನು ದೊಡ್ಡದು ಚಿಕ್ಕದು ಎಂದು ಸಾಲಾಗಿ ಜೋಡಿಸತೊಡಗಿತು.

"ಹೌದು ಸಾರ್," ಎಂದ ತಮ್ಮ. "ನಾನೇ ಜಾಸ್ತಿ ಬಿಗಿದುಬಿಟ್ಟಿದ್ದೆ."

ತಪ್ಪು ಒಪ್ಪಿಕೊಳ್ಳುವುದಕ್ಕೂ ದೊಡ್ಡ ಮನಸ್ಸು ಬೇಕು ಎಂದು ಡಾಕ್ಟರು ಅವನ ಬೆನ್ನು ತಟ್ಟಿ, ಮೇಸ್ತ್ರಿಗೆ ಕೈಮುಗಿದು ಹೊರಟರು. ಗಾಜಿನಂಗಡಿಯವನೂ ಜಾಗ ಖಾಲಿ ಮಾಡಿದ. ಆಗ ಮೇಸ್ತ್ರಿಗೆ ಧ್ವನಿ ಬಂತು.

"ಊಟ ಮಾಡ್ಕೊಂಡು ಹೋಗು."

"ಇಲ್ಲಣ್ಣ. ಪಂಪಿನಂಗಡಿ ಯಜಮಾನ್ರಿಗೆ ಒಂದೇ ಗಂಟೇಲಿ ಬರ್ತೀನಿ ಅಂತ ಹೇಳಿ ಬಂದಿದೀನಿ."

ಹೆಂಡತಿ ಗಂಡನ ಮುಖ ನೋಡಲಿಲ್ಲ. ಲೋಟವನ್ನು ಮೈದುನನ ಕೈಗಿಟ್ಟು ಒಳಗೆ ಹೋದಳು. ಅವನು ನಿಂತೇ ಟೀ ಕುಡಿದ. ಕುಡಿದು, ಅಂಗಳದ ನಲ್ಲಿಗೆ ಹೋಗಿ ಲೋಟವನ್ನು ಒಳಗೂ ಹೊರಗೂ ಉಜ್ಜಿ ತೊಳೆದ. ಇಷ್ಟು ವರ್ಷದಲ್ಲಿ ಆ ಮನೆಯಲ್ಲಿ ಅವನು ಕುಡಿದ ಲೋಟ ಅವನೇ ತೊಳೆದದ್ದು ಯಾರಿಗೂ ನೆನಪಿಲ್ಲ. ಕಟ್ಟೆಯ ಮೇಲೆ ಅದನ್ನು ಬೋರಲು ಹಾಕಿ, ಬರ್ತೀನಿ ಅತ್ತಿಗೆ ಎಂದು ಒಳಕ್ಕೆ ಕೇಳುವಷ್ಟು ಗಟ್ಟಿಯಾಗಿ ಹೇಳಿ ಹೋದ.

ಲೋಟದ ಅಂಚಿನಿಂದ ಇಳಿದ ನೀರು ಕಟ್ಟೆಯ ಧೂಳಿನಲ್ಲಿ ದುಂಡಗೆ ಒಂದು ಗೆರೆ ಬರೆದಿತ್ತು. ಮೇಸ್ತ್ರಿ ನೋಡುತ್ತಾ ನಿಂತಂತೆ ಬಿಸಿಲಿಗೆ ಅದು ಒಂದು ಕಡೆಯಿಂದ ಆರುತ್ತಾ ಬಂತು.