ಹದಿನೈದನೆಯ ದಿನ

ಚರ್ಚಿನ ನೆಲಮಾಳಿಗೆಯ ಅಡುಗೆಮನೆಯಲ್ಲಿ ಮೂರು ಫೋನುಗಳು ಒಂದೇ ಸಂಗೀತವನ್ನು ಹಿಂದುಮುಂದಾಗಿ ನುಡಿಸುತ್ತಿದ್ದವು. ನಾಳೆ ಶನಿವಾರ, ಊಟಕ್ಕೆ ಊರೇ ಬರುತ್ತದೆ. ಮೇಜಿನ ಸುತ್ತ ಕೂತ ಮೂವರು ಹೆಂಗಸರು ಬೀನ್ಸ್ ಕಾಳಿನಲ್ಲಿ ಕಲ್ಲು ಆರಿಸುತ್ತ, ಒಂದು ಕಿವಿಯನ್ನು ಫೋನಿನ ಕಡೆಗೇ ಇಟ್ಟಿದ್ದರು.

"ನಿಮ್ಮ ಕರೆ ನಮಗೆ ಮುಖ್ಯ," ಎಂದಿತು ಯಂತ್ರದ ದನಿ.

"ಮುಖ್ಯ ಅಂತೆ! ಬೆಳಗ್ಗೆ ಎಂಟರಿಂದ ಹೇಳ್ತಾನೇ ಇದ್ದಾಳೆ," ಎಂದಳು ಡಾರ್ಲಿನ್. "ನನ್ನ ಮೊದಲನೇ ಗಂಡನೂ ಹಿಂಗೇ ಹೇಳ್ತಿದ್ದ."

ಅವಳ ಮಾತಿಗೆ ನಕ್ಕವರಿಲ್ಲ. ಗೋಡೆಯ ಗಡಿಯಾರ ಮೂರೂವರೆ ತೋರಿಸುತ್ತಿತ್ತು. ನಾಲ್ಕೂವರೆಗೆ ರಾಜಧಾನಿಯ ನಿರುದ್ಯೋಗ ಭತ್ಯೆ ಕಚೇರಿ ಮುಚ್ಚುತ್ತದೆ. ಪಕ್ಕದಲ್ಲಿ ಕೂತಿದ್ದ ವರ್ನಾಳ ಅರ್ಜಿಯನ್ನು ತಿರಸ್ಕರಿಸಿ ಕಾಗದ ಬಂದು ಇಂದಿಗೆ ಹದಿನೈದು ದಿನ. ಮೇಲ್ಮನವಿಗೆ ಇದೇ ಕಡೆಯ ದಿನ. ಭತ್ಯೆ ಸಿಗದಿದ್ದರೆ ಈ ಚಳಿಗಾಲಕ್ಕೆ ಮನೆ ಬೆಚ್ಚಗಿಡುವ ಎಣ್ಣೆ ತುಂಬಿಸಲು ಅವಳಿಂದಾಗದು. ಮನೆಗೆ ಬೀಗ ಹಾಕಿ ಮಗಳ ಮನೆಯ ಸೋಫಾದ ಮೇಲೆ ಮಲಗಬೇಕು. ಅಳಿಯನ ಟೀವಿ ಇರುವುದೂ ಆ ಸೋಫಾದ ಎದುರಿಗೇ.

ಇಷ್ಟೆಲ್ಲ ಇದ್ದೂ ವರ್ನಾ ಆ ಕಾಗದವನ್ನು ಕೈಚೀಲದಲ್ಲಿಟ್ಟುಕೊಂಡು ಎರಡು ವಾರ ಸುಮ್ಮನಿದ್ದಳು. ನಿನ್ನೆ ಡಾರ್ಲಿನ್ ಚೂಯಿಂಗ್ ಗಮ್ ಹುಡುಕುತ್ತ ಆ ಚೀಲಕ್ಕೆ ಕೈ ಹಾಕಿದ್ದರಿಂದ ವಿಷಯ ಬಯಲಾಯಿತು. "ನಾನೇ ಕೆಲಸ ಬಿಟ್ಟೆ ಅಂತ ಬರೆದಿದ್ದಾರೆ. ಹೋಗಲಿ ಬಿಡೇ," ಎಂದಿದ್ದಳು ವರ್ನಾ. ಡಾರ್ಲಿನ್ ಬಿಡಲಿಲ್ಲ. ಕೂಡಲೇ ಅವಳು ಮ್ಯಾಕ್ಸೀನ್‌ಗೂ ಹೇಳಿಬಿಟ್ಟಳು. ಮೂವತ್ತು ವರ್ಷ ಮೂವರೂ ಒಂದೇ ಶೂ ಕಾರ್ಖಾನೆಯಲ್ಲಿ ದುಡಿದವರು. ಮ್ಯಾಕ್ಸೀನ್ ಹೊಲಿಗೆ ವಿಭಾಗದ ಮೇಲ್ವಿಚಾರಕಿ. ಗಟ್ಟಿ ಗಂಟಲಿನವಳು, ಕಾಫಿಗೆ ಎರಡು ಚಮಚ ಸಕ್ಕರೆ ಬೇಕೆನ್ನುವವಳು. ಕಾರ್ಖಾನೆ ಮುಚ್ಚಿದ ಮೇಲೆ ಮೂವರೂ ಮಧ್ಯಾಹ್ನಗಳನ್ನು ಇಲ್ಲೇ ಕಳೆಯುತ್ತಿದ್ದರು.

ಇಂದೇಕೋ ಮ್ಯಾಕ್ಸೀನಳ ಗಂಟಲು ಏಳಲೇ ಇಲ್ಲ. ವರ್ನಾ ಕೊಟ್ಟ ಕಾಫಿಯನ್ನು ಒಂದು ಗುಟುಕು ಕುಡಿದು, ಮುಖ ಕಿವುಚಿ, ಲೋಟವನ್ನು ಪಕ್ಕಕ್ಕಿಟ್ಟಳು. ಲೈನು ಕಡಿದಾಗಲೆಲ್ಲ ಮತ್ತೆ ಒತ್ತುವುದರಲ್ಲಿ ಮಾತ್ರ ಅವಳೇ ಎಲ್ಲರಿಗಿಂತ ಮುಂದಿದ್ದಳು.

ನಾಲ್ಕಕ್ಕೆ ಹತ್ತು ನಿಮಿಷವಿರುವಾಗ ವರ್ನಾಳ ಫೋನಿನಲ್ಲಿ ಸಂಗೀತ ನಿಂತಿತು.

"ಹಲೋ, ಹೇಳಿ ಮೇಡಂ," ಎಂದಿತು ದಣಿದ ಗಂಡಸಿನ ದನಿ.

ಡಾರ್ಲಿನ್ ಎರಡೂ ಕೈ ಮೇಲೆತ್ತಿದಳು. ಕಾಳು ಚೆಲ್ಲಿತು. ವರ್ನಾ ಹೆಸರು, ಹುಟ್ಟಿದ ದಿನ, ಅರ್ಜಿಯ ಸಂಖ್ಯೆ ಎಲ್ಲವನ್ನೂ ಶಾಲೆಯ ಮಗುವಿನಂತೆ ಒಪ್ಪಿಸಿದಳು.

"ಕಾರ್ಖಾನೆ ಮುಚ್ಚೋಕೆ ಒಂಬತ್ತು ದಿನ ಮುಂಚೆ ನೀವೇ ಬಿಟ್ರಿ ಅಂತ ಇದೆಯಲ್ಲ?"

"ಬಿಡಲಿಲ್ಲಪ್ಪ. ನನ್ನ ತಂಗಿ ಒಪಾಲ್ ಕಡೇ ಘಳಿಗೇಲಿದ್ಲು. ಜೊತೆಗಿರೋಕೆ ರಜಾ ತಗೊಂಡು ಹೋಗಿದ್ದೆ."

"ರಜಾ ಕೊಟ್ಟವರು ಯಾರು?"

ವರ್ನಾ ಕಾಳುಗಳನ್ನೇ ನೋಡುತ್ತಿದ್ದಳು. ಅವಳಿಗೆ ಸುಳ್ಳು ಬರುವುದಿಲ್ಲ, ಹೇಳಿದರೆ ಕಿವಿ ಕೆಂಪಾಗುತ್ತದೆ.

"ಯಾರೂ ಇಲ್ಲ. ಹೇಳದೆ ಕೇಳದೆ ಹೋದೆ," ಎಂದಳು. ಕಿವಿ ಕೆಂಪಾಯಿತು.

"ಏ, ತಲೆ ಕೆಟ್ಟಿದೆಯಾ ನಿಂಗೆ?" ಎಂದು ಡಾರ್ಲಿನ್ ಪಿಸುಗುಟ್ಟಿದಳು.

ಆ ಕಡೆಯ ಮನುಷ್ಯ ದನಿ ತಗ್ಗಿಸಿದ. "ಹಾಗಂತ ಬರೆದ್ಕೊಂಡ್ರೆ ನಿಮ್ಮ ಮೇಲ್ಮನವಿ ನಿಲ್ಲಲ್ಲ ಮೇಡಂ. ಇನ್ನೊಂದ್ಸಲ ಯೋಚ್ನೆ ಮಾಡಿ. ಅವಸರ ಇಲ್ಲ, ನಾನು ಕಾಯ್ತೀನಿ."

ದಿನವಿಡೀ ಕಾದವರಿಗೆ ಈಗ ಕಚೇರಿಯೇ ಕಾಯುತ್ತಿತ್ತು. ಮ್ಯಾಕ್ಸೀನ್ ಕೈ ಚಾಚಿ ಫೋನನ್ನು ತನ್ನೆಡೆಗೆ ಎಳೆದುಕೊಂಡಳು.

"ರಜಾ ಕೊಟ್ಟಿದ್ದು ನಾನು ಸಾರ್. ಮ್ಯಾಕ್ಸೀನ್ ಔಲೆಟ್, ಅವಳ ಮೇಲ್ವಿಚಾರಕಿ. ಗೇಟಿನ ಹತ್ರ ನಿಂತು, ಹೋಗು, ಇಲ್ಲಿಂದು ನಾನು ನೋಡ್ಕೋತೀನಿ ಅಂದಿದ್ದೂ ನಾನೇ. ಕಾರ್ಖಾನೆಯಿಂದ ನಿಮ್ಮ ಕಚೇರಿಗೆ ಬಂದ ಫಾರಂ ತುಂಬಿದ್ದೂ ನಾನೇ."

"ಮತ್ತೆ ಅವರಾಗೇ ಬಿಟ್ರು ಅಂತ ಬರೆದಿದ್ದು..."

"ಮೇಲಿನವರನ್ನ ಕೇಳದೆ ರಜಾ ಕೊಟ್ಟಿದ್ದೆ. ಗೊತ್ತಾದ್ರೆ ನನ್ನ ಕೊನೇ ಸಂಬಳ ಹಿಡ್ಕೋತಾರೆ ಅಂತ ಹೆದರಿದೆ. ಅಷ್ಟೇ. ಎಲ್ಲಿ ಸಹಿ ಹಾಕಬೇಕು ಹೇಳಿ, ಹಾಕ್ತೀನಿ."

ಆತ ಎಲ್ಲವನ್ನೂ ಬರೆದುಕೊಂಡ. ಮೇಲ್ಮನವಿ ಇಂದಿನ ತಾರೀಖಿನಲ್ಲೇ ದಾಖಲಾಯಿತು, ವಿಚಾರಣೆಗೆ ಮೂರು ವಾರವಾದೀತು, ಅಂದು ಇಬ್ಬರೂ ಫೋನಿನ ಹತ್ತಿರವೇ ಇರಬೇಕು ಎಂದ. ಆಮೇಲೆ, ಫಾರಮಿನಲ್ಲಿಲ್ಲದ ಒಂದು ಪ್ರಶ್ನೆ ಕೇಳಿದ.

"ನಿಮ್ಮ ತಂಗಿ ಹೇಗಿದಾರೆ ಮೇಡಂ?"

"ಹೋದ್ಲು," ಎಂದಳು ವರ್ನಾ. "ನನ್ನ ಕೈ ಹಿಡ್ಕೊಂಡೇ ಹೋದ್ಲು."

"ನೀವು ಹತ್ರ ಇದ್ರಲ್ಲ, ಒಳ್ಳೇದಾಯ್ತು," ಎಂದು ಆತ ಮೆಲ್ಲಗೆ ಹೇಳಿ ಫೋನಿಟ್ಟ.

ಉಳಿದೆರಡು ಫೋನುಗಳು ಇನ್ನೂ ನುಡಿಸುತ್ತಲೇ ಇದ್ದವು. ನಿಲ್ಲಿಸುವುದು ಯಾರಿಗೂ ಹೊಳೆಯಲಿಲ್ಲ. ವರ್ನಾಳ ಮುಖದಲ್ಲಿ ಆಶ್ಚರ್ಯದ ಸುಳಿವೇ ಇಲ್ಲವೆಂಬುದು ಮ್ಯಾಕ್ಸೀನ್‌ಗೆ ಈಗ ಕಂಡಿತು.

"ಯಾವಾಗಿಂದ ಗೊತ್ತಿತ್ತೇ ನಿಂಗೆ?"

"ಕಾಗದ ಬಂದ ದಿನದಿಂದ. ಜೊತೇಲಿ ಆ ಫಾರಮ್ಮೂ ಇತ್ತು. ಮೂವತ್ತು ವರ್ಷ ನೋಡಿದೀನಿ, ನಿನ್ನ ಸಹಿ ನಂಗೆ ಗೊತ್ತಾಗಲ್ವಾ?"

"ಅಯ್ಯೋ, ಮತ್ತೆ ದಿನಾ ನಂಗೆ ಕಾಫಿ ಮಾಡಿ ಕೊಟ್ಟೆಯಲ್ಲೇ!"

"ಸಕ್ಕರೆ ಹಾಕಿದ್ನಾ?"

ಡಾರ್ಲಿನ್‌ಗೆ ನಗು ಉಕ್ಕಿತು. ಬಾಯಿಗೆ ಕೈ ಅಡ್ಡ ಹಿಡಿದಳು. ಮ್ಯಾಕ್ಸೀನ್ ತಲೆ ತಗ್ಗಿಸಿದಳು.

"ಹಾಕಿರಲಿಲ್ಲ. ಹದಿನೈದು ದಿನದಿಂದ ಹಾಕಿಲ್ಲ," ಎಂದಳು. "ಕೇಳೋಕೆ ಮುಖ ಎಲ್ಲಿತ್ತು ನಂಗೆ?"

ವರ್ನಾಳಿಗೆ ಅವಳ ಮೇಲೆ ಇನ್ನೂ ಸಿಟ್ಟಿತ್ತು. ಪ್ರೀತಿಯೂ ಇತ್ತು, ಆ ಮುದುಕಿಯ ಬಾಗಿದ ತಲೆ ನೋಡಿದರೆ ಅದು ಹೆಚ್ಚೇ ಆಗುತ್ತಿತ್ತು. ಎದ್ದು ಹೋಗಿ ಆರಿದ ಕಾಫಿಯನ್ನು ತೊಟ್ಟಿಗೆ ಚೆಲ್ಲಿದಳು. ಅದೇ ಲೋಟಕ್ಕೆ ಬಿಸಿ ಕಾಫಿ ತುಂಬಿಸಿ, ನಾಳೆಯ ಅಡುಗೆಗೆಂದು ತೆಗೆದಿಟ್ಟಿದ್ದ ಸಕ್ಕರೆ ಡಬ್ಬಿಯನ್ನು ಕಪಾಟಿನಿಂದ ಇಳಿಸಿದಳು.

ಒಂದು ಚಮಚ ಹಾಕಿದಳು. ಚಮಚ ಹಿಡಿದು ಸ್ವಲ್ಪ ಹೊತ್ತು ನಿಂತಳು. ಆಮೇಲೆ ಇನ್ನೊಂದು ಹಾಕಿ ಕಲಕಿದಳು.